ಶುಕ್ರವಾರದ ಒದ್ದೆ ಪಾದ

ಸಫೂರಾಳಿಗೆ ಗಂಡನ ಮೇಲೆ ಅನುಮಾನ ಹುಟ್ಟಿದ್ದು ಬಟ್ಟೆ ಒಗೆಯುವ ಕಲ್ಲಿನ ಬಳಿ. ಅದಕ್ಕೂ ಮುಂಚೆ ಇರಲೇ ಇಲ್ಲವೇ ಎಂದರೆ, ಸಂಸಾರ ಅಂದಮೇಲೆ ಸಣ್ಣದೊಂದು ಹುಳ ಎಲ್ಲರ ತಲೆಯಲ್ಲೂ ಇದ್ದೇ ಇರುತ್ತದೆ. ಅದು ಎದ್ದು ಕೊರೆಯತೊಡಗಿದ್ದು ಮಾತ್ರ ಆ ಶನಿವಾರ.

ತಿರೂರು ಪೇಟೆಯ ಮಸೀದಿಗೆ ಗಲ್ಫಿನಲ್ಲಿದ್ದವರು ಸೇರಿ ಹೊಸ ಹಸಿರು ಜಮಖಾನ ಹಾಸಿಸಿಕೊಟ್ಟಿದ್ದರು. ಹೊಸದಲ್ಲವೇ, ಜುಂಗು ಬಿಡುತ್ತಿತ್ತು. ಅದರ ಮೇಲೆ ಮಂಡಿಯೂರಿ ಎದ್ದವರ ಬಿಳಿ ಪಂಚೆಗೆಲ್ಲ ಹಸಿರು ಜುಂಗು ಅಂಟಿಕೊಂಡು ಬರುತ್ತಿತ್ತು. ಊರ ಹೆಂಗಸರೆಲ್ಲ ಶನಿವಾರ ಬಾವಿಕಟ್ಟೆಯಲ್ಲಿ ಕೂತು ಆ ಗಲ್ಫಿನವರ ಜನ್ಮ ಜಾಲಾಡುತ್ತ ಪಂಚೆ ಉಜ್ಜುತ್ತಿದ್ದರು. ಸಫೂರಾಳ ತಮ್ಮ ಬಾಪುಟ್ಟಿ ಅದೇ ಮಸೀದಿಯ ಕಮಿಟಿ ಕಾರ್ಯದರ್ಶಿ. ಹೆಂಡತಿ ತವರಿಗೆ ಹೋಗಿದ್ದಾಳೆಂದು ತನ್ನ ಬಟ್ಟೆಯನ್ನೂ ಅಕ್ಕನ ತಲೆಗೆ ಕಟ್ಟಿದ್ದ. ಅವನ ಪಂಚೆಯಲ್ಲಿ ಜುಂಗೇ ಜುಂಗು. ಗಂಡ ಸೈದಲವಿಯ ಪಂಚೆಯಲ್ಲಿ ಹುಡುಕಿದರೂ ಒಂದೆಳೆ ಇಲ್ಲ! ಬದಲಿಗೆ ಹಿಂಬದಿಯಲ್ಲಿ, ಕೂರುವ ಜಾಗದಲ್ಲಿ, ಡಾಂಬರಿನ ಕಪ್ಪು ಕಲೆ. ಅಂಚಿನಲ್ಲಿ ಉತ್ತರಾಣಿಯ ಬೀಜ.

ಮಸೀದಿಯೊಳಗೆ ಉತ್ತರಾಣಿ ಬೆಳೆಯುತ್ತದೆಯೇ?

ಆಗಲೇ ಅವಳಿಗೆ ಇನ್ನೊಂದು ನೆನಪಾಗಿ ಕೈಯಲ್ಲಿದ್ದ ಸೋಪು ಜಾರಿತು. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದ ಸೈದಲವಿಯ ಪಾದ ಯಾವಾಗಲೂ ಒದ್ದೆ. ನಡುಮನೆಯ ಕೆಂಪು ನೆಲದ ಮೇಲೆ ಹೆಜ್ಜೆ ಮೂಡುತ್ತಿತ್ತು. ಎಷ್ಟೋ ವರ್ಷ ಅದನ್ನು ನೋಡಿ, ಎಂಥ ಭಕ್ತಿವಂತನನ್ನು ಕೊಟ್ಟೆ ದೇವರೇ ಎಂದು ಹಿಗ್ಗಿದ್ದಳು. ಕಾಲು ತೊಳೆಯುವುದು ನಮಾಜಿಗೆ ಮುಂಚೆ. ಪ್ರವಚನ ಕೇಳಿ, ನಮಾಜು ಮುಗಿಸಿ, ಸುಡುಬಿಸಿಲಲ್ಲಿ ಮನೆವರೆಗೆ ನಡೆದು ಬಂದವನ ಕಾಲು ಒದ್ದೆ ಯಾಕಿರುತ್ತದೆ? ಬಾಪುಟ್ಟಿಯ ಕಾಲು ಒಣಗಿದ ಮೀನಿನ ಹಾಗಿರುತ್ತಿತ್ತು. ಕಣ್ಣಿದ್ದೂ ಕುರುಡಿಯಾದೆನಲ್ಲ ಎಂದು ಸಫೂರಾ ತನ್ನನ್ನೇ ಬೈದುಕೊಂಡಳು.

ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಪಕ್ಕದ ಮನೆಯ ಕದಿಯುಮ್ಮನ ಹತ್ತಿರ ಹೇಳಿದಳು. ಈ ಕದಿಯುಮ್ಮನ ಗಂಡ ಎರಡನೇ ಮದುವೆಯಾಗಿದ್ದು ಊರಿಗೆಲ್ಲ ಗೊತ್ತಾದ ಮೇಲೆ ಅವಳಿಗೆ ಗೊತ್ತಾದದ್ದು. ಅಂದಿನಿಂದ ಅವಳು ಊರ ಗಂಡಸರನ್ನೆಲ್ಲ ಕಾಯುತ್ತಿದ್ದಳು.

"ಇನ್ನೇನೇ, ಹೆಣ್ಣು!" ಅಂದಳು ಕದಿಯುಮ್ಮ. "ಶುಕ್ರವಾರ ಗಂಡಸರೆಲ್ಲ ಮಸೀದಿ ಒಳಗೆ. ಆ ಹೊತ್ತಲ್ಲಿ ಹಾಳಾಗೋಕೆ ಹೊರಟೋನನ್ನ ನೋಡೋರ್ಯಾರು? ಹೊಸ ಸೋಪು ತಂದನಾ?"

"ಇಲ್ಲ."

"ಅತ್ತರು?"

"ಅದೇ ಹಳೇದು."

"ನೋಡು ಮತ್ತೆ! ಹಾಗಾದ್ರೆ ಹಳೇ ನಂಟು."

ಕದಿಯುಮ್ಮನ ತಕ್ಕಡಿಯಲ್ಲಿ ಯಾವ ಸಾಕ್ಷಿ ಹಾಕಿದರೂ ಅದು ಒಂದೇ ಕಡೆ ತೂಗುತ್ತಿತ್ತು. ಆದರೂ ಸಫೂರಾ ಮನೆಗೆ ಬಂದು ದಿನ ಎಣಿಸಿದಳು. ಒಬ್ಬಳೇ ಮಗಳು ಶಹಲಾಳ ನಿಕಾಹ್ ಹತ್ತಿರ ಬಂದಿತ್ತು. ಗಂಡಿನದು ಕೊಂಡೋಟಿಯ ಒಳ್ಳೆ ಮನೆತನ. ಈ ಹೊತ್ತಲ್ಲಿ ಅಪ್ಪನ ಕತೆ ಬಯಲಾದರೆ ಮಗಳ ಬಾಳು ಏನಾಗಬೇಕು?

ಮುಂದಿನ ಶುಕ್ರವಾರ ಊಟಕ್ಕೆ ಕೂತಾಗ ಬಾಪುಟ್ಟಿಯೇ ಕೇಳಿದ. "ಭಾವ, ನೀವು ಯಾವ ಸಾಲಲ್ಲಿ ನಿಲ್ಲೋದು? ಕಾಣಿಸೋದೇ ಇಲ್ವಲ್ಲ."

"ಹಿಂದೆ. ಕಂಬದ ಹತ್ರ," ಅಂದ ಸೈದಲವಿ, ತಟ್ಟೆಯಿಂದ ತಲೆಯೆತ್ತದೆ. "ಗಾಳಿ ಬರುತ್ತೆ."

"ಅಲ್ಲಿ ಫ್ಯಾನೇ ಇಲ್ವಲ್ಲ?"

"ಫ್ಯಾನ್ ಗಾಳಿ ನನಗಾಗಲ್ಲ ಕಣೋ. ಮೀನು ಹಾಕ್ಕೋ."

ಬಾಪುಟ್ಟಿ ಮೀನು ಹಾಕಿಕೊಂಡ, ಆದರೆ ಭಾವನ ಮೊಣಕಾಲಿನಿಂದ ಕಣ್ಣು ಕೀಳಲಿಲ್ಲ. ಸಫೂರಾ ಇಬ್ಬರನ್ನೂ ನೋಡಿದಳು. ಇವನಿಗೂ ಜುಂಗಿನ ಲೆಕ್ಕ ಸಿಕ್ಕಿದೆಯೇ? ತಮ್ಮ ಕಂಡುಹಿಡಿಯುವ ಮೊದಲು ತಾನು ಕಂಡುಹಿಡಿಯಬೇಕು ಎಂದು ಅಲ್ಲೇ ತೀರ್ಮಾನಿಸಿದಳು.

ಮರು ಶುಕ್ರವಾರ ಗಂಡ ಟೊಪ್ಪಿ ಹಾಕಿಕೊಂಡು ಹೊರಟದ್ದೇ ತಡ, ಪರ್ದಾ ಏರಿಸಿ ಕೊಡೆ ಬಿಚ್ಚಿ ಹಿಂದೆ ಬಿದ್ದಳು. ಹೆಂಗಸೊಬ್ಬಳು ಗಂಡನ ಬೆನ್ನು ಹಿಡಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಬೀದಿಯೆಲ್ಲ ಬರಿದು. ಆ ಹೊತ್ತಿಗೆ ಆ ಬೀದಿಯಲ್ಲಿ ಗಂಡಸು ಕಂಡರೆ ಅವನು ಹಿಂದುವೋ, ರೋಗಿಯೋ, ಪರವೂರಿನವನೋ ಆಗಿರಬೇಕು. ಸೈದಲವಿ ಮಾತ್ರ ಮಸೀದಿಯ ತಿರುವಿನಲ್ಲಿ ತಿರುಗದೆ, ತನ್ನ ಬಲೆ-ಹಗ್ಗದ ಅಂಗಡಿಯನ್ನೂ ದಾಟಿ, ರೈಲು ಹಳಿಯ ಆಚೆ ಹೊಳೆಯ ಕಡೆಗೆ ಇಳಿದ.

ದೋಣಿ ದಾಟಿಸುತ್ತಿದ್ದ ಹಳೆಯ ಕಡವಿನಲ್ಲಿ ಡಾಂಬರು ಬಳಿದ ದೋಣಿಯೊಂದು ಮಗುಚಿ ಬಿದ್ದಿತ್ತು. ಸುತ್ತ ಉತ್ತರಾಣಿ. ಅವನು ದೋಣಿಯ ಮೇಲೆ ಕೂತ. ಸಫೂರಾ ಪಾಳುಬಿದ್ದ ಸುಣ್ಣದ ಗೂಡಿನ ಮರೆಗೆ ನಿಂತು ಹೆಣ್ಣಿಗಾಗಿ ಕಾದಳು. ಬರಲಿ ಹಾದರಗಿತ್ತಿ, ಜುಟ್ಟು ಹಿಡಿದು ಇದೇ ಹೊಳೆಯಲ್ಲಿ ಮುಳುಗಿಸಿ ಎತ್ತುತ್ತೇನೆ ಎಂದು ಕೊಡೆಯನ್ನು ಮಡಚಿ ಬಿಗಿಯಾಗಿ ಹಿಡಿದಳು. ಮಸೀದಿಯ ಮೈಕಿನಲ್ಲಿ ಪ್ರವಚನ ಕೇಳಿಸುತ್ತಿತ್ತು. ಯಾರೂ ಬರಲಿಲ್ಲ. ಸೈದಲವಿ ನೀರನ್ನು ನೋಡುತ್ತ ಸುಮ್ಮನೆ ಕೂತಿದ್ದ. ಪ್ರವಚನ ಮುಗಿಯಿತು, ನಮಾಜೂ ಮುಗಿಯಿತು. ಆಗ ಅವನು ಎದ್ದು ಹೊಳೆಗಿಳಿದು, ಮುಖಕ್ಕಿಷ್ಟು ನೀರು ಸವರಿ, ಒಂದೊಂದೇ ಪಾದವನ್ನು ನೀರಿನಲ್ಲಿ ಅದ್ದಿ ತೆಗೆದ. ಪಾತ್ರೆ ಜಾಲಿಸುವವರ ಹಾಗೆ, ಅಷ್ಟು ಜೋಪಾನವಾಗಿ.

ಸಫೂರಾಳಿಗೆ ತಡೆಯಲಾಗಲಿಲ್ಲ. "ಎಲ್ಲಿ ಅವಳು?" ಎಂದು ಕೂಗಿಕೊಂಡೇ ಬಂದಳು.

ಅವನು ಬೆಚ್ಚಿಬಿದ್ದ. "ಯಾರು?"

"ನಿಮ್ಮ ಮಿಂಡಗಾತಿ!"

"ಅಯ್ಯೋ ಪುಣ್ಯಾತ್ಗಿತ್ತಿ, ಈ ಹೊಟ್ಟೆ, ಈ ಬೋಳುತಲೆ ನೋಡಿ ಯಾರು ಬರ್ತಾರೆ?"

"ಮತ್ತೆ ಮಸೀದಿ ಬಿಟ್ಟು ಇಲ್ಲೇನು ಮಾಡ್ತಾ ಇದೀರಿ?"

ಅವನು ಮತ್ತೆ ದೋಣಿಯ ಮೇಲೆ ಕುಸಿದು ಕೂತ. "ಹೆಣ್ಣು ಅಂತ್ಲೇ ಇಟ್ಕೊಂಡ್ಬಿಡು ಸಫೂ. ನಿನಗೂ ಸುಲಭ, ನನಗೂ ಸುಲಭ."

"ಹೇಳ್ತೀರೋ ಇಲ್ವೋ?"

"ನನಗೆ ನಂಬಿಕೆ ಹೋಗಿದೆ," ಅಂದ. "ಯಾರೂ ಕೆಡಿಸಲಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಒಂದಿನ ಹಣೆ ನೆಲಕ್ಕಿಟ್ಟಾಗ, ಯಾರ ಹತ್ರ ಮಾತಾಡ್ತಿದೀನಿ ಅಂತ ಕೇಳ್ಕೊಂಡೆ. ಆ ಕಡೆ ಯಾರೂ ಇಲ್ಲ ಅನ್ನಿಸ್ತು. ಹೆದರಿ ನಡುಗಿಬಿಟ್ಟೆ ಕಣೇ. ಒಂದು ವರ್ಷ ಇಲ್ಲದ ಉಪವಾಸ ಎಲ್ಲ ಹಿಡಿದೆ, ನೆನಪಿದ್ಯಾ? ನೀನು ಖುಷಿಪಟ್ಟೆ. ನಾನು ಹುಡುಕ್ತಾ ಇದ್ದೆ. ಸಿಗಲಿಲ್ಲ. ಅಲ್ಲಿ ಕೂತು ನಟನೆ ಮಾಡೋದು ಆ ನಂಬೋ ಜನಕ್ಕೆ ಮಾಡೋ ಮೋಸ ಅನ್ನಿಸ್ತು. ಅದಕ್ಕೆ ಇಲ್ಲಿ ಕೂರ್ತೀನಿ."

"ರಂಜಾನಿನ ಉಪವಾಸ? ಅದೂ ಸುಳ್ಳಾ?"

"ನೀನು ಹಸಿದು ಅಡುಗೆ ಮಾಡ್ತಿರುವಾಗ ನಾನೆಲ್ಲೋ ಹೋಗಿ ತಿನ್ನೋಕಾಗುತ್ತಾ? ಹಿಡಿದಿದೀನಿ."

ಅವಳಿಗೆ ಅಳುವೂ ಬರಲಿಲ್ಲ. ಇನ್ನೊಬ್ಬಳಿದ್ದರೆ ಜಗಳ ಆಡಬಹುದಿತ್ತು. ಅವಳನ್ನು ಬೈದು, ಇವನನ್ನು ಅತ್ತು ಕರೆದು ವಾಪಸು ತರಬಹುದಿತ್ತು. ಈಗ ಯಾರ ಜುಟ್ಟು ಹಿಡಿಯುವುದು? ಥೂ, ಹೆಣ್ಣೇ ಆಗಿದ್ದರೂ ಇದಕ್ಕಿಂತ ವಾಸಿಯಿತ್ತಲ್ಲ ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

"ದೀನು-ಧರ್ಮ ಬಿಟ್ಟೋನ ನಿಕಾಹ್ ಮುರಿದುಹೋಗುತ್ತೆ. ನಾನು ನಿಮಗೇನೂ ಅಲ್ಲ ಈಗ."

"ಯಾರು ಹೇಳಿದ್ರು?"

"ಮದರಸದಲ್ಲಿ ಉಸ್ತಾದರಾಗಿದ್ದ ನಿಮ್ಮಪ್ಪಾನೇ ಹೇಳ್ಕೊಟ್ಟಿದ್ದು. ಬೆತ್ತ ಹಿಡ್ಕೊಂಡು!"

ಅವನು ಪಂಚೆಗೆ ಅಂಟಿದ್ದ ಉತ್ತರಾಣಿಯನ್ನು ಒಂದೊಂದಾಗಿ ಕೀಳತೊಡಗಿದ.

ಅಂದಿನಿಂದ ಅವಳು ಮಗಳ ಕೋಣೆಯಲ್ಲಿ ಮಲಗತೊಡಗಿದಳು. ಮದುವೆ ಮನೆಯಲ್ವಾ, ಹುಡುಗಿ ಇನ್ನೆಷ್ಟು ದಿನ ಇರ್ತಾಳೆ ಅಂದರೆ ಯಾರೂ ಏನೂ ಕೇಳಲಿಲ್ಲ. ಆದರೆ ಅನುಮಾನ ಅನ್ನುವುದು ಗೆದ್ದಲಿನ ಹಾಗೆ, ಮುಂದಿದ್ದದ್ದು ಮುಗಿದ ಮೇಲೆ ಹಿಂದಿನದಕ್ಕೆ ಬಾಯಿ ಹಾಕುತ್ತದೆ. ಯಾವಾಗಿನಿಂದ? ಶಹಲಾಳಿಗೆ ಜ್ವರ ಬಂದಾಗ ಮಂತ್ರ ಊದಿದ್ದನಲ್ಲ, ಆಗ? ಅತ್ತೆಯ ಸಾವಿನ ನಮಾಜಿಗೆ ಮುಂದೆ ನಿಂತಿದ್ದನಲ್ಲ, ಆಗ? ಎಲ್ಲಕ್ಕಿಂತ ಮೊದಲು ಹುಟ್ಟಿ ಸತ್ತ ಆ ಗಂಡುಮಗು. ಅದನ್ನು ಮಣ್ಣಿಗಿಟ್ಟು ಬಂದು, ಅಳಬೇಡ, ಅವನು ಸ್ವರ್ಗದ ಬಾಗಿಲಲ್ಲಿ ನಿಂತಿರ್ತಾನೆ, ನಮ್ಮಿಬ್ಬರ ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ತಾನೆ ಅಂದಿದ್ದ. ಆ ಮಾತಿನ ಮೇಲೆ ಅವಳು ಇಷ್ಟು ವರ್ಷ ಬದುಕಿದ್ದಳು.

ಒಂದು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುತ್ತ ಕೇಳಿಯೇಬಿಟ್ಟಳು. "ನಮ್ಮ ಮಗು ವಿಷಯ ಹೇಳಿದ್ರಲ್ಲ. ಅದೂ ನಾಟಕವಾ?"

"ಆಗ ನಂಬಿದ್ದೆ," ಅಂದ ಸೈದಲವಿ. "ಬಾಕಿ ಎಲ್ಲ ಬೇಗ ಹೋಯ್ತು ಸಫೂ. ಅದೊಂದು ಮಾತ್ರ ಬಹಳ ದಿನ ಹೋಗ್ಲೇ ಇಲ್ಲ."

ಇದೂ ನಟನೆಯೇ? ಅವನ ಕಣ್ಣನ್ನೇ ದಿಟ್ಟಿಸಿದಳು. ತಿಳಿಯಲಿಲ್ಲ. ಮರುದಿನ ಯಾರೋ ಮಾಟ ಮಾಡಿಸಿರಬೇಕೆಂದು, ಮಂತ್ರಿಸಿಕೊಡುವ ತಂಙಳರೊಬ್ಬರಿಂದ ಪಿಂಗಾಣಿ ತಟ್ಟೆಯ ಮೇಲೆ ಕೇಸರಿಯಲ್ಲಿ ಬರೆಸಿದ ಕುರಾನಿನ ಅಕ್ಷರಗಳನ್ನು ತೊಳೆದು, ಆ ನೀರಿನಲ್ಲೇ ಅವನಿಗೆ ಚಹಾ ಮಾಡಿಕೊಟ್ಟಳು.

ಅವನು ಮೂಸಿ ನೋಡಿದ. "ಯಾವ ತಂಙಳ ಹತ್ರ ಬರೆಸಿದೆ?"

"ಸುಮ್ನೆ ಕುಡೀರಿ."

ಪೂರ್ತಿ ಕುಡಿದ. ಲೋಟದ ತಳವನ್ನೂ ತೋರಿಸಿದ. ಶುಕ್ರವಾರ ಮತ್ತೆ ಹೊಳೆಗೇ ಹೋದ.

ನಿಕಾಹಿನ ದಿನ ಹತ್ತಿರವಾದಂತೆ ಅವಳ ಎದೆಯ ಮೇಲೆ ಬಂಡೆ ಕೂತಿತು. ಹೆಣ್ಣಿನ ಅಪ್ಪ ಗಂಡಿನ ಕೈ ಹಿಡಿದು, ನನ್ನ ಮಗಳನ್ನು ನಿನಗೆ ಕೊಟ್ಟೆ ಎನ್ನಬೇಕು. ಆ ಅಪ್ಪ ದೀನಿನವನಲ್ಲದಿದ್ದರೆ ಕೊಟ್ಟದ್ದು ಕೊಟ್ಟಂತಲ್ಲ. ಅಪ್ಪ ಲಾಯಕ್ಕಿಲ್ಲದಿದ್ದರೆ ಅಪ್ಪನ ತಮ್ಮ ಕೊಡಬೇಕು, ಅದೂ ಅಪ್ಪನ ಪರವಾಗಿ ಅಲ್ಲ, ಚಿಕ್ಕಪ್ಪನಾಗಿ ತನ್ನ ಹಕ್ಕಿನಲ್ಲೇ. ಆದರೆ ಅಪ್ಪ ಗುಂಡುಕಲ್ಲಿನ ಹಾಗೆ ಕೂತಿರುವಾಗ ಚಿಕ್ಕಪ್ಪ ಎದ್ದರೆ ಬಾಪುಟ್ಟಿ ಸುಮ್ಮನಿರುತ್ತಾನೆಯೇ? ಕೆದಕುತ್ತಾನೆ. ಕಮಿಟಿ ಹೊರಗೆ ಹಾಕಿದರೆ ಕೊಂಡೋಟಿಯವರು ಬಂದ ದಾರಿ ಹಿಡಿಯುತ್ತಾರೆ. ಅತ್ತ ದರಿ, ಇತ್ತ ಪುಲಿ.

"ನೀವು ಕೈ ಹಿಡಿದು ಕೊಟ್ರೆ ಅದು ನಿಕಾಹೇ ಅಲ್ಲ," ಅಂದಳು ಗಂಡನಿಗೆ. "ನನ್ನ ಮಗಳು ಜೀವನಪೂರ್ತಿ ಹರಾಮಿನಲ್ಲಿ ಬಾಳ್ಬೇಕು."

"ಅದು ಯಾರಿಗೆ ಗೊತ್ತಾಗುತ್ತೆ?"

"ಮೇಲಿರೋನಿಗೆ ಗೊತ್ತಾಗುತ್ತೆ. ನನಗೆ ಗೊತ್ತು."

ಅವನ ಮುಖ ಸಣ್ಣದಾಯಿತು. "ಅವಳು ತೊಟ್ಟಿಲಲ್ಲಿದ್ದಾಗಿಂದ ಆ ದಿನ ಕಾಯ್ತಿದೀನಿ ಕಣೇ," ಅಂದ. ಆಗಲಿ ಅಂತಲೂ ಹೇಳಲಿಲ್ಲ, ಆಗಲ್ಲ ಅಂತಲೂ ಹೇಳಲಿಲ್ಲ.

ಬೇಡವೆಂದವಳು ಅವಳೇ. ಆದರೂ ಒಳಗೊಳಗೆ ಅವಳಿಗೊಂದು ಹುಚ್ಚು ಆಸೆ. ಸೈದಲವಿ ಏನೇ ಆಗಲಿ ಕೆಟ್ಟವನಲ್ಲ, ಮಗಳ ನಿಕಾಹನ್ನು ಬೇಕೆಂದೇ ಹಾಳುಮಾಡುವವನಲ್ಲ. ಆದ್ದರಿಂದ ಅವನು ತಾನೇ ಎದ್ದು ಹೋಗಿ ಗಂಡಿನ ಕೈ ಹಿಡಿದರೆ, ಅವನೊಳಗೆ ಇನ್ನೂ ಕಿಡಿ ಉಳಿದಿದೆ ಎಂದೇ ಅರ್ಥ. ಹೊಳೆಯ ಹತ್ತಿರ ಆಡಿದ್ದೆಲ್ಲ ತಲೆಕೆಟ್ಟ ಮಾತು. ಎದ್ದು ಹೋಗು, ಹೋಗು ಎಂದು ನಿಕಾಹಿನ ಬೆಳಿಗ್ಗೆ ತುಪ್ಪದನ್ನದ ಹೊಗೆಯ ನಡುವೆ ಬೇಡಿಕೊಂಡಳು.

ಅಂಗಳದ ಚಪ್ಪರದಲ್ಲಿ ಗಂಡಸರು. ಮಹಡಿಯ ಕಿಟಕಿಯಲ್ಲಿ ಹೆಂಗಸರು, ಸರಳಿನ ನಡುವೆ ಮೂಗು ತೂರಿಸಿಕೊಂಡು. ಮಸೀದಿಯ ಖತೀಬರು ಮೈಕಿನಲ್ಲಿ ಹೆಣ್ಣಿನ ಕಡೆಯವರು ಬನ್ನಿ ಎಂದರು. ಸೈದಲವಿ ಎದ್ದ. ಸಫೂರಾ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ನಾಲ್ಕು ಹೆಜ್ಜೆ ನಡೆದ. ನಡೆದು, ಮೂಲೆಯಲ್ಲಿ ಕೂತಿದ್ದ ತನ್ನ ತಮ್ಮ ಮರಕ್ಕಾರನ ರಟ್ಟೆ ಹಿಡಿದು ಎಬ್ಬಿಸಿದ.

"ಇದೇನು ಭಾವ, ನೀವಿದ್ದು ಇವ್ರು ಯಾಕೆ?" ಬಾಪುಟ್ಟಿಯ ದನಿ ಮೈಕಿನಲ್ಲೂ ಕೇಳಿಸಿತು.

"ಇವನಿಗೆ ಮಕ್ಕಳಿಲ್ಲ," ಅಂದ ಸೈದಲವಿ ಎಲ್ಲರಿಗೂ ಕೇಳುವ ಹಾಗೆ. "ನಮ್ಮನೇಲಿ ಹೆಣ್ಣು ಹುಟ್ಟಿದ್ರೆ ಇವನೇ ಕೈ ಹಿಡಿದು ಕೊಡ್ಲಿ ಅಂತ ನಮ್ಮಪ್ಪ ಸಾಯುವಾಗ ಹೇಳಿದ್ರು. ಇವನು ಅವಳ ಚಿಕ್ಕಪ್ಪನಾಗೇ ಕೊಡ್ಲಿ, ನನ್ನ ಹೆಸರಲ್ಲಿ ಬೇಡ."

ಮರಕ್ಕಾರ್ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಖತೀಬರ ಕಣ್ಣೂ ಒದ್ದೆಯಾಯಿತು. ಬಾಪುಟ್ಟಿ ಬಾಯಿ ತೆರೆದವನು ಮುಚ್ಚಿದ. "ನನ್ನ ಅಣ್ಣನ ಮಗಳು ಶಹಲಾಳನ್ನು ನಿನಗೆ ಕೊಟ್ಟೆ," ಎಂಬ ನಡುಗುವ ದನಿ ಚಪ್ಪರದಿಂದ ಮೇಲೆ ಬಂತು. ಸೈದಲವಿ ಹಿಂದೆ ಸರಿದು ಕೈ ಕಟ್ಟಿ ನಿಂತಿದ್ದ, ಬಡಿಸಲು ಬಂದವರ ಹಾಗೆ.

ಮಗಳ ನಿಕಾಹ್ ಊರ್ಜಿತವಾಯಿತು. ಸಫೂರಾಳಿಗೆ ಮೊದಲು ಬಂದದ್ದು ಸಮಾಧಾನ. ಅದರ ಬೆನ್ನಿಗೇ ಎದೆ ಒಡೆಯಿತು. ಇನ್ನು ಅನುಮಾನಕ್ಕೆ ಜಾಗವಿಲ್ಲ. ಅವನು ನಿಜವನ್ನೇ ಹೇಳಿದ್ದ. ಅವನಿಗಿಲ್ಲದ ದೇವರಿಗಾಗಿ ಅಲ್ಲ, ಅವಳ ದೇವರಿಗಾಗಿ, ಮಗಳು ಹುಟ್ಟಿದಾಗಿನಿಂದ ಕಾದಿದ್ದ ಆ ಕೈಹಿಡಿಯುವ ಗಳಿಗೆಯನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದ. ಸ್ವರ್ಗದ ಬಾಗಿಲಲ್ಲಿ ನಿಂತ ಆ ಮಗು ಇನ್ನು ಒಬ್ಬಳ ಕೈಯನ್ನೇ ಹಿಡಿಯಬೇಕು.

"ಅಪ್ಪ ಬದುಕಿದ್ದು ಚಿಕ್ಕಪ್ಪ ಯಾಕೇ?" ಕದಿಯುಮ್ಮ ಮೊಣಕೈಯಲ್ಲಿ ತಿವಿದಳು. "ಇದ್ರಲ್ಲಿ ಏನೋ ಇದೆ, ನನ್ನ ಮಾತು ಕೇಳು."

"ಏನೂ ಇಲ್ಲ," ಅಂದಳು ಸಫೂರಾ. "ಮಾವನ ಆಸೆ. ನನ್ನೆದುರಿಗೇ ಹೇಳಿದ್ರು."

ಹುಟ್ಟಿದಾಗಿನಿಂದ ಅಷ್ಟು ಸಲೀಸಾಗಿ ಅವಳು ಸುಳ್ಳು ಹೇಳಿರಲಿಲ್ಲ. ಅದೂ ಬೆತ್ತ ಹಿಡಿದು ಸತ್ಯ ಕಲಿಸಿದ ಮಾವನ ಹೆಸರಿನಲ್ಲಿ.

ಮಗಳು ಹೋದ ಮೇಲಿನ ಶುಕ್ರವಾರ ಸೈದಲವಿ ಟೊಪ್ಪಿ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಅವನ ಕೋಣೆಗೆ ಅವಳಿನ್ನೂ ಮರಳಿರಲಿಲ್ಲ, ಮರಳುತ್ತಾಳೋ ಇಲ್ಲವೋ ಅವಳಿಗೇ ತಿಳಿಯದು. ಊಟಕ್ಕೆ ಬಾಪುಟ್ಟಿ ಬರುವವನಿದ್ದ. ಅವಳು ಒಳಗಿನಿಂದ ಹಳೆಯ ಟವೆಲೊಂದನ್ನು ಸಣ್ಣದಾಗಿ ಮಡಚಿ ತಂದು ಗಂಡನ ಅಂಗಿಯ ಜೇಬಿಗೆ ತುರುಕಿದಳು.

"ಇದ್ಯಾಕೆ?" ಅಂದ.

"ಕಾಲು ಒದ್ದೆಯಾಗೋದು ನಮಾಜಿಗೆ ಮುಂಚೆ, ಆಮೇಲಲ್ಲ," ಅಂದಳು ಸಫೂರಾ. "ಉಸ್ತಾದರ ಮಗ ಅಂತೆ! ಒರೆಸ್ಕೊಂಡು ಬನ್ನಿ."