ಹನ್ನೊಂದನೇ ಪುಟದ ಕೆಂಪು ಗೆರೆ

ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದ ನನಗೆ ಹುಡುಗರು ಇಟ್ಟ ಹೆಸರು ಸೊನ್ನೆ ವಾಮದೇವಪ್ಪ. ಕೊನೆಯ ಉತ್ತರ ತಪ್ಪಿತೋ, ಸೊನ್ನೆ, ಮುಗೀತು. ಮೌಲ್ಯಮಾಪನದಲ್ಲಿ ಉಳಿದವರು ಸೂತ್ರಕ್ಕೊಂದು, ಚಿತ್ರಕ್ಕೊಂದು ಎಂದು ಹಂತಹಂತಕ್ಕೆ ಅಂಕ ಹಂಚುವಾಗ ನನಗೆ ಮೈ ಉರಿಯುತ್ತಿತ್ತು. ಮುಕ್ಕಾಲು ಸೇತುವೆ ಮೇಲೆ ಬಸ್ಸು ಬಿಡ್ತೀರೇನ್ರಿ ಎಂದು ಜಗಳ ಕಾಯುತ್ತಿದ್ದೆ. ಹಾಕಿದ ಅಂಕ ಬದಲಿಸಿದರೆ ಹೊಡೆದುಹಾಕಿ ಪಕ್ಕದಲ್ಲಿ ಪೂರ್ತಿ ಸಹಿ ಮಾಡಬೇಕೆಂಬ ನಿಯಮವಿತ್ತು. ನಾನು ಒಂದು ಸಲವೂ ಹಾಗೆ ಸಹಿ ಮಾಡಿದವನಲ್ಲ.

ತೊಂಬತ್ತೊಂಬತ್ತರ ಮೇ ತಿಂಗಳ ಒಂದು ಶನಿವಾರ ಭಾನುವಳ್ಳಿಯ ಪ್ರೇಮಲತಾ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಬಂದಳು. ನನ್ನ ಹಳೇ ವಿದ್ಯಾರ್ಥಿನಿ. ಅವತ್ತು ಸಂಜೆ ಹರಿಹರದಲ್ಲಿ ರೈಲು ಹತ್ತಿ ಪುಣೆಗೆ ಹೊರಟಿದ್ದಳು. ಸೋಮವಾರ ಅಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಸಂದರ್ಶನ. ಇರುವುದು ಒಂದೇ ಸೀಟು. ತೋರಿಸಲು ಅವಳ ಬಳಿ ಇದ್ದದ್ದು ಇಪ್ಪತ್ತು ಪುಟದ ಪ್ರಬಂಧ, ಟೈಪ್ ಮಾಡಿಸಿ ಬೈಂಡ್ ಹಾಕಿಸಿದ ಒಂದೇ ಪ್ರತಿ.

"ಒಂದ್ಸಲ ಕಣ್ಣಾಡಿಸ್ರಿ ಸರ್," ಅಂದಳು.

ಚಾಳಿಯಂತೆ ಕೆಂಪು ಪೆನ್ನು ಹಿಡಿದು ಕೂತೆ. ವಿಷಯ ಕ್ವಾಂಟಂ ಭೌತಶಾಸ್ತ್ರ. ಅದರಲ್ಲಿ ಒಂದು ಕಣದ ಬಗ್ಗೆ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಲಾಗದು. ಒಂದಕ್ಕೊಂದು ಹೊಂದುವ ಪ್ರಶ್ನೆಗಳ ಗುಂಪುಗಳಿವೆ. ಒಂದೊಂದು ಗುಂಪಿನೊಳಗೆ ಉತ್ತರಗಳು ಕೂಡುತ್ತವೆ, ಎಲ್ಲ ಗುಂಪುಗಳಿಗೂ ಸೇರಿ ಒಂದೇ ಪಟ್ಟಿ ಮಾಡಹೋದರೆ ಕೂಡುವುದಿಲ್ಲ. ಇಷ್ಟು ನನಗೂ ಗೊತ್ತಿತ್ತು. ಅವಳು ಆ ಗುಂಪುಗಳ ನಡುವೆ ಬಾಣ ಎಳೆದು ಅದನ್ನು ಕೆಟಗರಿ ಎಂದಿದ್ದಳು, ಅದರ ಮೇಲೆ ಟೋಪೋಸ್ ಎಂಬ ಗಣಿತ ಕಟ್ಟಿದ್ದಳು. ಹನ್ನೊಂದನೇ ಪುಟದಲ್ಲಿ ಹೀಗಿತ್ತು: ಈ ಗಣಿತದಲ್ಲಿ ಒಂದು ಹೇಳಿಕೆಯಾದರೂ ನಿಜ, ಇಲ್ಲವೇ ಅದರ ನಿರಾಕರಣೆಯಾದರೂ ನಿಜ ಎನ್ನುವಂತಿಲ್ಲ. ನನ್ನ ಕೈ ತಾನಾಗಿಯೇ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಸೊನ್ನೆ ಸುತ್ತಿತು.

"ಸರ್, ಅದು ಪುಣೆಗೆ ಒಯ್ಯೋ ಪ್ರತಿ," ಅಂದಳು ಮೆಲ್ಲಗೆ.

ಆಗಲೇ ತಪ್ಪಾಯ್ತು ಅನ್ನಬೇಕಿತ್ತು. ನನ್ನ ಹಟ ಬಿಡಬೇಕಲ್ಲ. "ತಪ್ಪಿದ್ದಕ್ಕೆ ಹಾಕೀನಿ. ಹೌದೂ ಅಲ್ಲ ಇಲ್ಲಾನೂ ಅಲ್ಲ ಅಂದ್ರೆ ಅದೆಂಥಾ ಭೌತಶಾಸ್ತ್ರನವ್ವಾ?"

"ಸರ್, ಹಂತಕ್ಕೆ ಅಂಕ ಕೊಟ್ಟಾಗ ಇಬ್ರಿಗೂ ಎರಡೆರಡೇ ಬಂದೈತೆ ಅನ್ಕೊಳ್ರಿ. ಒಬ್ಬಂದು ಸೂತ್ರ, ಚಿತ್ರ ಸರಿ. ಇನ್ನೊಬ್ಬಂದು ಲೆಕ್ಕ, ಉತ್ತರ ಸರಿ. ಬರೀ ಎರಡು ಅಂದ್ರೆ ಏನೂ ತಿಳಿಯಂಗಿಲ್ಲ. ಯಾವ್ಯಾವ ಹಂತ ಸರಿ ಅನ್ನೋ ಪಟ್ಟಿ ಬೇಕು. ಇಲ್ಲಿ ನಿಜ ಅನ್ನೋದು, ಯಾವ್ಯಾವ ಗುಂಪಿನಾಗೆ ಸರಿ ಅನ್ನೋ ಅಂಥಾ ಪಟ್ಟಿ ಸರ್."

"ಹಂತದ ಅಂಕದ ಸುದ್ದಿ ನನ್ನ ಮುಂದೆ ಬ್ಯಾಡ," ಅಂದೆ.

ಅವಳು ಪ್ರಬಂಧವನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟಳು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಊಟಕ್ಕೆ ಬಡಿಸುತ್ತ ಹೆಂಡತಿ ದ್ರಾಕ್ಷಾಯಣಮ್ಮ ಕೇಳಿದಳು: "ಆ ಹುಡುಗಿ ಬರೆದದ್ದು ಪೂರ್ತಿ ಕೆಟ್ಟಿತ್ತೇನ್ರಿ?"

"ಹತ್ತು ಪುಟ ಭಾಳ ಚಲೋ ಐತೆ."

"ಮತ್ತೆ ಅದನ್ನ ಎಲ್ಲಿ ಬರೆದ್ರಿ?"

ಎಲ್ಲೂ ಬರೆದಿರಲಿಲ್ಲ. ಅಷ್ಟೇ ಅಲ್ಲ, ಹನ್ನೊಂದರ ಮುಂದೆ ಓದಿಯೇ ಇರಲಿಲ್ಲ. ಒಂಬತ್ತನೇ ಪುಟದಲ್ಲಿ ಅವಳು ಬಿಡಿಸಿದ್ದ ಗಂಟನ್ನು ನಾನು ಇಷ್ಟು ವರ್ಷ ಪಾಠದಲ್ಲಿ ಹಾರಿಸಿಕೊಂಡೇ ಬಂದಿದ್ದೆ. ನಾಚಿಕೆಯಾಯಿತು. ಅರ್ಧ ಊಟಕ್ಕೇ ಎದ್ದೆ. ಕೈ ತೊಳೆದು ಸ್ಕೂಟರ್ ತೆಗೆದೆ.

ಹರಿಹರದ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. "ಕೊಡವ್ವಾ ಇಲ್ಲಿ," ಎಂದು ಪ್ರಬಂಧ ಇಸಿದುಕೊಂಡು ಉಳಿದ ಪುಟ ಓದಿದೆ. ಬಿಸಿಲಿಗೆ ಕನ್ನಡಕ ಬೆವೆತು ಎರಡು ಸಲ ಒರೆಸಿಕೊಂಡೆ. ನಾನು ತಪ್ಪೆಂದಿದ್ದ ಮಾತಿಗೆ ಹನ್ನೆರಡನೇ ಪುಟದಿಂದಲೇ ಕಾರಣ ಕೊಟ್ಟಿದ್ದಳು. ಆಮೇಲೆ ಹನ್ನೊಂದನೇ ಪುಟ ತೆಗೆದು ಸೊನ್ನೆಯನ್ನು ಹೊಡೆದುಹಾಕಿದೆ. ಕೆಳಗೆ 'ಈ ಗೆರೆ ಪೂರ್ತಿ ತಪ್ಪು' ಎಂದು ಬರೆಯಹೊರಟಾಗ ಅವಳು ತಡೆದಳು.

"ಪೂರ್ತಿ ಬ್ಯಾಡ ಸರ್. ಹಳೇ ಭೌತಶಾಸ್ತ್ರದಾಗೆ ನಿಮ್ಮ ಗೆರೆ ಸರೀನೇ ಐತೆ."

"ನನಗೂ ಹಂತದ ಅಂಕ ಕೊಡ್ತೀಯೇನು?" ಅಂದೆ. ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು.

ರೈಲು ಬರುವಷ್ಟರಲ್ಲಿ ಬರೆದು ಮುಗಿಸಿದೆ: 'ಗೆರೆ ಎಳೆದವನು ಅವಳ ಹಳೇ ಮೇಷ್ಟ್ರು, ಓದಿ ಮುಗಿಸುವ ಮೊದಲೇ ಎಳೆದದ್ದು. ಒಂದರಿಂದ ಹದಿನೇಳನೇ ಪುಟದವರೆಗೆ ಸರಿ. ಹದಿನೆಂಟರಿಂದ ಇಪ್ಪತ್ತು ನನಗೆ ತಿಳಿಯಲಿಲ್ಲ, ಇವಳನ್ನೇ ಕೇಳಿ.'

ಕೆಳಗೆ ಪೂರ್ತಿ ಸಹಿ ಮಾಡಿದೆ.