ಮಿಕ್ಸಿ ಹಾಕದ ಸಂಜೆ

ಮಿಕ್ಸಿ ರಿಪೇರಿಯವನ ಮನೆಯಲ್ಲಿ ಸದ್ದಾದರೆ ಯಾರೂ ಕಿವಿಗೊಡುವುದಿಲ್ಲ. ಸದ್ದೇ ಅಲ್ಲಿನ ಕಸುಬು. ಮುಂದಿನ ಕೋಣೆಯ ಮೇಜಿನ ತುಂಬ ಗಿರಾಕಿಗಳ ಮಿಕ್ಸಿಗಳು, ಸುಟ್ಟ ತಂತಿಯ ವಾಸನೆ, ಬಾಗಿಲ ಪಕ್ಕದಲ್ಲಿ ಸ್ವಿಚ್ಚುಗಳ ಹಲಗೆ. ಅವನ ಕೈ ಒಳ್ಳೆಯದೆಂದು ಬೀದಿಯೆಲ್ಲ ಹೊಗಳುತ್ತಿತ್ತು. ಆ ಕೈಯ ಇನ್ನೊಂದು ಕೆಲಸವನ್ನು ಬಲ್ಲವರು ಹೆಂಡತಿ, ಮಗಳು ಮಾತ್ರ.

ಹೊಡೆಯುವ ಮುಂಚೆ ಅವನು ತಿರುಗಿಯೂ ನೋಡದೆ "ಹಾಕು" ಎನ್ನುತ್ತಿದ್ದ. ಮಗಳು ಸ್ವಿಚ್ ಹಾಕುತ್ತಿದ್ದಳು. ಖಾಲಿ ಜಾರುಗಳು ಅರಚುತ್ತಿದ್ದವು; ಅಮ್ಮ ಅರಚಿದ್ದು ಅದರಲ್ಲಿ ನುಣ್ಣಗಾಗಿಬಿಡುತ್ತಿತ್ತು. ಮೇಲಿನ ಮನೆಯ ನರ್ಸಜ್ಜಿ ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಗೊಣಗುತ್ತಿದ್ದಳು: "ನಿಮ್ಮಪ್ಪನಿಗೆ ಹೇಳೇ, ಲೋಟದಲ್ಲಿಟ್ಟ ನನ್ನ ಹಲ್ಲಿನ ಸೆಟ್ಟು ಕುಣಿಯುತ್ತೆ."

ಶಾಲೆಗೆ ವಾರಕ್ಕೊಮ್ಮೆ ಬರುವ ಆಪ್ತಸಮಾಲೋಚಕಿಗೆ ಮಕ್ಕಳಿಟ್ಟ ಹೆಸರು 'ಕೇಳೋ ಮಿಸ್ಸು'. ಉಳಿದ ಮಿಸ್ಸುಗಳೆಲ್ಲ ಹೇಳುವವರು. ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ ಅವಳ ಕಚೇರಿ. ಅಲ್ಲಿ ಮಗಳು ಉಗುರು ಕಚ್ಚುತ್ತಲೇ ಬಾಯಿಬಿಟ್ಟಳು.

"ಸ್ವಿಚ್ ಹಾಕೋಳು ನಾನೇ ಮಿಸ್."

ಉಳಿದದ್ದು ಆಮೇಲೆ ಬಂತು. ಮಿಸ್ಸು ನಡುವೆ ಬಾಯಿ ಹಾಕಲಿಲ್ಲ.

"ಹಾಕು ಅನ್ನೋರು ಯಾರು?"

"ಅಪ್ಪ."

"ಹಾಗಾದ್ರೆ ತಪ್ಪು ಅವರದು. ನಿಂದಲ್ಲ ಪುಟ್ಟಿ."

ಇದನ್ನು ಗುಟ್ಟಾಗಿಡುವಂತಿಲ್ಲ, ಮಕ್ಕಳ ರಕ್ಷಣೆಯವರಿಗೆ ಈಗಲೇ ತಿಳಿಸುತ್ತೇನೆ, ಬೆಳಿಗ್ಗೆಯೇ ಮನೆಗೆ ಬರುತ್ತಾರೆ ಎಂದಳು. ಅಷ್ಟರೊಳಗೆ ಏನಾದರೂ ಆದರೆ ನಡುವೆ ಹೋಗಬಾರದು. ಹೊರಗೆ ಓಡಬೇಕು, ನಂಬುವವರ ಮನೆ ಸೇರಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಬೇಕು. ನಂಬುವವರು ಯಾರೆಂದು ಕೇಳಿದಾಗ ಮಗಳಿಗೆ ಹೊಳೆದದ್ದು ಹಲ್ಲಿನ ಸೆಟ್ಟು.

ಬೆಳಿಗ್ಗೆ ದೂರವಿತ್ತು. ಅಂದು ಸಂಜೆ ಅಮ್ಮ ಒಬ್ಬ ಗಿರಾಕಿಯ ಮಿಕ್ಸಿಯನ್ನು ಇನ್ನೊಬ್ಬನಿಗೆ ಕೊಟ್ಟು ಕಳಿಸಿದ್ದಳು. ಅಪ್ಪ ಅವಳ ಕೂದಲು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಚಚ್ಚಿದ. ಒಂದು ಜಾರು ಉರುಳಿ ಬಿತ್ತು. ಪಕ್ಕದಲ್ಲಿ ಬಿದ್ದದ್ದು ಅಮ್ಮನ ಹಲ್ಲು. ಅವನು ಸ್ಪ್ಯಾನರ್ ಕೈಗೆತ್ತಿಕೊಂಡ.

"ಹಾಕು."

ಬೆರಳು ಹಲಗೆಯ ಮೇಲಿತ್ತು.

"ಕಿವುಡೇನೇ? ಹಾಕು."

ಮಗಳು ಬೆರಳು ತೆಗೆದಳು, ಬಾಗಿಲು ಹಾರುಹೊಡೆದು ಮೆಟ್ಟಿಲು ಹತ್ತಿದಳು. ಬೆನ್ನ ಹಿಂದೆ ಸ್ಪ್ಯಾನರ್ ಮೂಳೆಗೆ ಬಡಿದ ಸದ್ದೂ ಅಮ್ಮನ ಕೂಗೂ ಮಿಕ್ಸಿಯ ಮರೆಯಿಲ್ಲದೆ, ಇದ್ದಂತೆಯೇ ಮೇಲೇರಿ ಬಂದವು. ಅಕ್ಕಪಕ್ಕದ ಮನೆಗಳ ಚಿಲಕಗಳು ಒಂದೊಂದಾಗಿ ತೆರೆದುಕೊಂಡವು. ನರ್ಸಜ್ಜಿ ಬೊಚ್ಚುಬಾಯಲ್ಲೇ ಊರುಗೋಲು ಹಿಡಿದು ಎದುರಾದಳು. ಮಗಳನ್ನು ತನ್ನ ಮನೆಯೊಳಕ್ಕೆ ತಳ್ಳಿ, ಕೈಗೆ ಫೋನು ತುರುಕಿ, ಲುಂಗಿಯಲ್ಲೇ ಬಂದು ಪಿಳಿಪಿಳಿ ನೋಡುತ್ತಿದ್ದ ಗಂಡಸರನ್ನು ಅಟ್ಟಿಕೊಂಡು ಕೆಳಗಿಳಿದಳು.

ಫೋನಿನಲ್ಲಿ ಸಹಾಯವಾಣಿಯ ಹೆಣ್ಣು ದನಿಯೊಂದು ಮೊದಲು ಕೇಳಿದ್ದು, ನಿನಗೆ ಪೆಟ್ಟಾಗಿದೆಯಾ ಎಂದು. ಮಗಳು ಇಲ್ಲವೆಂದು ತಲೆಯಾಡಿಸಿದಳು. ಅದು ಫೋನಿಗೆ ಕಾಣದೆಂದು ನೆನಪಾಗಿ ಬಾಯಲ್ಲೂ ಹೇಳಿದಳು, ವಿಳಾಸ ಹೇಳಿದಳು. ಕೆಳಗೆ ಬಾಗಿಲು ಧಡಾರನೆ ಬಡಿಯಿತು, ಹಲವು ಗಂಟಲು ಒಟ್ಟಿಗೆ ಎದ್ದವು, ಸ್ಪ್ಯಾನರ್ ನೆಲಕ್ಕೆ ಬಿತ್ತು. ಅದೆಲ್ಲದರ ಮೇಲೆ ಒಂದು ದನಿ ಅವಳ ಹೆಸರು ಹಿಡಿದು ಕರೆಯುತ್ತಲೇ ಇತ್ತು.

"ಅದು ನಮ್ಮಮ್ಮ," ಎಂದಳು ಮಗಳು. "ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಪುಟ್ಟಿ. ಪೊಲೀಸರು, ಆಂಬುಲೆನ್ಸು ಹೊರಟಿದಾರೆ. ಫೋನ್ ಇಡಬೇಡ."

ಅವಳು ಇಡಲಿಲ್ಲ.