ಓರೆ ಕತ್ತಿನ ಮುದುಕ

"ಅಲ್ಲಾಡಬೇಡ ಮಾರಾಯ," ಎಂದು ಬಡಗಿ ಮಂಗಲು ದರ್ವಾನನ ಮುಖಕ್ಕೆ ಅಡ್ಡಲಾಗಿ ಅಳತೆಯ ದಾರ ಹಿಡಿದ. "ದೇವರು ನಿಮ್ಮ ಮನೆತನಕ್ಕೆ ಧಾರಾಳವಾಗಿ ಕೊಟ್ಟಿದ್ದು ಮೂಗೊಂದೇ. ಅದೂ ಈ ಮುಖವಾಡದೊಳಗೆ ಹಿಡಿಸ್ತಿಲ್ಲ."

ಅಂಗಳದ ಚಪ್ಪಡಿಯ ಮೇಲೆ ಮುದುಕನ ಮುಖವಾಡ ಅಂಗಾತ ಬಿದ್ದಿತ್ತು. ಬಾಗಿಲಲ್ಲಿ ನಿಂತ ಬಚುಲಿಗೆ ಅದರ ಒಳಮೈ ಕಾಣುತ್ತಿತ್ತು. ಹೊರಗಿನ ಸುಕ್ಕುಗಳು, ಬೊಚ್ಚುಬಾಯಿಯ ನಗು, ಮೇಕೆಕೂದಲ ಗಡ್ಡ ಎಲ್ಲವೂ ಊರಿನದು. ನಾಲ್ಕೈದು ತಲೆಮಾರು ಹಳೆಯದು. ಒಳಗು ಮಾತ್ರ ಅವಳ ಗಂಡ ಫತೇಸಿಂಗನದು. ಇಪ್ಪತ್ತಾರು ವೈಶಾಖದ ಹಬ್ಬಗಳ ಬೆವರು ಕುಡಿದು ಗಲ್ಲದ ಜಾಗ ಕಪ್ಪಾಗಿ ನುಣುಪಾಗಿತ್ತು. ಗಾಳಿ ತಗುಲಿದರೆ ಅವನ ಬಲಗಣ್ಣಲ್ಲಿ ನೀರು ಸುರಿಯುತ್ತಿತ್ತೆಂದು ಮಂಗಲುವಿನ ಅಪ್ಪ ಆ ಕಡೆಯ ಕಣ್ಣಿನ ತೂತಿಗೆ ಬೆಣೆ ಬಡಿದು ಮುಚ್ಚಿದ್ದ. ಉಳಿದೊಂದು ತೂತಿನಲ್ಲಿ ದಾರಿ ಕಾಣಬೇಕಾದರೆ ಕತ್ತು ಎಡಕ್ಕೆ ವಾಲಿಸಲೇಬೇಕು.

ಮಾಘದಲ್ಲಿ ಫತೇಸಿಂಗ ತೀರಿಕೊಂಡ. ಮಕ್ಕಳಿಲ್ಲದ್ದರಿಂದ ಹಬ್ಬದ ಮುದುಕನ ವೇಷ ಅವನ ಅಣ್ಣನ ಮಗ ದರ್ವಾನನ ಪಾಲಿಗೆ ಬಂತು. ತೊಡುವವನು ಬದಲಾದರೆ ಅವನ ಮುಖಕ್ಕೆ ಹೊಂದುವಂತೆ ಒಳಗನ್ನು ಕೆತ್ತಿಸುವುದು ಪದ್ಧತಿ. ನಾಳೆ ಹಬ್ಬದ ಡೋಲು ಶುರುವಾಗುತ್ತದೆ. ಆಮೇಲೆ ಹೆಂಗಸರು ಮುಖವಾಡವನ್ನು ಮುಟ್ಟುವಂತಿಲ್ಲ. ಹಬ್ಬ ಮುಗಿದರೆ ಅದು ತೂಗುವುದು ದರ್ವಾನನ ಮನೆಯ ಒಲೆಯ ಮೇಲೆ.

ಈ ಚಳಿಗಾಲವೂ ಬಚುಲಿ ಎಂದಿನಂತೆ ಹುಳು ಹಿಡಿಯದಿರಲೆಂದು ಅದಕ್ಕೆ ತುಪ್ಪ ಸವರಿ ಹೊಗೆಗೆ ತೂಗುಹಾಕಿದ್ದಳು. ಕೆಲವು ಬೆಳಗು, ಒಲೆ ಹಚ್ಚುವ ಮೊದಲು, ಇಳಿಸಿ ತನ್ನ ಮುಖವನ್ನು ಅದರೊಳಗಿಟ್ಟು ಕೂತಿದ್ದೂ ಉಂಟು. ಅದನ್ನು ಯಾರಿಗೆ ಹೇಳುವುದು?

ಮಂಗಲು ಉಳಿ ಎತ್ತಿಕೊಂಡ. "ಬೆಣೆ ಕಿತ್ತು, ಒಳಗೆ ಬೆರಳಗಲ ಹೆರೆದರೆ ಮುಗೀತು."

ಬಚುಲಿ ಸರ್ರನೆ ಒಳಹೋಗಿ ತಟ್ಟೆ ತಂದಳು. "ಮೊದಲು ರೊಟ್ಟಿ ತಿನ್ನಿ. ತಣ್ಣಗಾಗುತ್ತೆ."

"ಕಾಕಿ, ಈಗ ತಾನೇ ತಿಂದ್ವಲ್ಲ!" ಮಂಗಲು ನಕ್ಕ. "ಇವನ ಮುಖ ಇನ್ನೂ ಊದಿದ್ರೆ ನಾನು ಹೊಸ ಮರಾನೇ ಕಡೀಬೇಕಾಗುತ್ತೆ."

ದರ್ವಾನ ನಗಲಿಲ್ಲ. ತಟ್ಟೆ ಹಿಡಿದ ಕೈಗಳನ್ನು ನೋಡಿದ. ಅವಳು ನೋಡಿಯೂ ನೋಡದಂತೆ ನಟಿಸುತ್ತಿದ್ದ ಮುಖವಾಡವನ್ನೂ ನೋಡಿದ. ಅದನ್ನೆತ್ತಿ ತೊಟ್ಟುಕೊಂಡ. ನಾಲ್ಕು ಹೆಜ್ಜೆ ಹಾಕಿ ಕೊಟ್ಟಿಗೆಯ ಕಂಬಕ್ಕೆ ಡಿಕ್ಕಿ ಹೊಡೆದ.

"ನೋಡಿದ್ಯಾ? ಕೊಡು ಇಲ್ಲಿ," ಎಂದ ಮಂಗಲು.

"ಬೇಡ ಬಿಡು, ಸರಿಯಾಗೇ ಇದೆ."

"ಏನು ಸರಿ? ಮೂಗು ಜಜ್ಜಿಹೋಗುತ್ತೆ!"

"ಜಾಸ್ತಿನೇ ಇದೆ ಅಂದ್ಯಲ್ಲ, ಸ್ವಲ್ಪ ಹೋಗ್ಲಿ." ದರ್ವಾನ ತಟ್ಟೆ ಇಸಿದುಕೊಂಡ. "ತುಪ್ಪ ಹಾಕಿದೀಯಾ ಕಾಕಿ?"

ಮಂಗಲು ಗೊಣಗುತ್ತ ಉಳಿಯನ್ನು ಚೀಲಕ್ಕೆ ಸೇರಿಸಿದ.

ಮರುದಿನ ಮಧ್ಯಾಹ್ನ ಡೋಲಿನ ಹಿಂದೆ ಮುದುಕ ಮನೆಮನೆ ಬೇಡುತ್ತ ಬಂದ. "ಅಯ್ಯೋ, ಈ ಮುದುಕಂಗೆ ಕತ್ತು ಉಳುಕಿದೆ, ಎಣ್ಣೆ ತನ್ರೇ!" ಎಂದು ಹೆಂಗಸರು ಗೇಲಿ ಮಾಡಿದರು. ಬಚುಲಿಯ ಹೊಸ್ತಿಲ ಮುಂದೆ ಅವನು ನಿಂತು ಜೋಳಿಗೆ ಒಡ್ಡಿದ. ಕತ್ತು ಎಡಕ್ಕೆ ವಾಲಿತು.

ಬೊಗಸೆ ಅಕ್ಕಿ ಹಿಡಿದು ನಿಂತಿದ್ದ ಬಚುಲಿ, ಆ ಒಂದು ತೂತಿಗೆ ಸರಿಯಾಗಿ ಕಾಣುವಂತೆ, ಪ್ರತಿ ವರ್ಷದ ಹಾಗೆ ತನ್ನ ತಲೆಯನ್ನೂ ಬಲಕ್ಕೆ ವಾಲಿಸಿದಳು.